ಮೊಡವೆಗೆ ಸೀರಮ್ಮು, ಗಮ್ಮಿ, ಜಿಂಕ್, ಬಿ12 ಎಲ್ಲಾ ಒಟ್ಟಿಗೇ ನಡೀತಿದೆ. ಯಾವುದನ್ನ ಬಿಡ್ಲಿ, ಯಾವುದನ್ನ ಇಟ್ಕೊಳ್ಲಿ?

ತುಂಗಾತೀರ

ಎಲ್ರಿಗೂ ನಮಸ್ಕಾರ. ವಯಸ್ಸು 27, ಊರು ತೀರ್ಥಹಳ್ಳಿ ಕಡೆ, ಈಗ ಬೆಂಗಳೂರಲ್ಲಿ ಕೆಲಸ. ಕಾಲೇಜಲ್ಲಿದ್ದಾಗ ಹಣೆ ಮೇಲೆ ಒಂದೋ ಎರಡೋ ಬಂದು ಹೋಗ್ತಿತ್ತು, ತಲೆ ಕೆಡಿಸ್ಕೊಂಡಿರ್ಲಿಲ್ಲ. ಹೋದ ಮಳೆಗಾಲದಿಂದ ಗಲ್ಲ, ದವಡೆ ಅಂಚು, ಕಿವಿ ಕೆಳಗೆ ಮುಟ್ಟಿದ್ರೆ ನೋಯೋ ಅಂಥ ಗಟ್ಟಿ ಮೊಡವೆ. ಒಂದು ಒಣಗೋ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು. ಹೋದ್ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಕೂತಿರುತ್ತೆ.

ಈಗ ನಡೀತಿರೋದು ಇಷ್ಟು. ಬೆಳಿಗ್ಗೆ 2% ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ವಿಟಮಿನ್ ಸಿ ಸೀರಮ್, ಅದರ ಮೇಲೆ 10% ನಯಾಸಿನಮೈಡ್, ನೆನಪಾದ್ರೆ ಸನ್‌ಸ್ಕ್ರೀನ್. ರಾತ್ರಿ ಮತ್ತೆ ಅದೇ ಫೇಸ್‌ವಾಶ್, ಆಮೇಲೆ ಅಡಾಪಲೀನ್ ಜೆಲ್, ಮೊಡವೆ ಇರೋ ಕಡೆ ಮಾತ್ರ ಚುಕ್ಕಿ ಇಟ್ಟ ಹಾಗೆ. ಭಾನುವಾರ ಕ್ಲೇ ಮಾಸ್ಕ್. ಹೊಟ್ಟೆಗೆ: ಕೂದಲಿಗೆ ಅಂತ ಶುರು ಮಾಡಿದ ಬಯೋಟಿನ್ ಗಮ್ಮಿ, ಜಿಂಕ್ 50, ಮೀನೆಣ್ಣೆ ಕ್ಯಾಪ್ಸೂಲ್ (ಸಸ್ಯಾಹಾರಿ ಮನೆ, ಅಮ್ಮನಿಗೆ ಗೊತ್ತಿಲ್ಲ). ಇದರ ಜೊತೆಗೆ ಕೈ ಜೋಮು ಹಿಡಿಯುತ್ತೆ ಅಂತ ತೋರಿಸಿದ್ದಕ್ಕೆ ಬಿ12 ತುಂಬಾ ಕಡಿಮೆ ಬಂದು, ಇಂಜೆಕ್ಷನ್ ಕೋರ್ಸ್ ನಡೀತಿದೆ.

ಮುಖ ಈಗ ಉರಿ. ಮೂಗಿನ ಪಕ್ಕ ಸಿಪ್ಪೆ ಏಳ್ತಿದೆ. ಮೊಡವೆ ಮಾತ್ರ ಅಲ್ಲೇ ಇದೆ. ದುಡ್ಡು ಎಷ್ಟು ಹೋಗಿದೆ ಅಂತ ಲೆಕ್ಕ ಹಾಕೋಕೂ ಭಯ. ಅನುಭವ ಇರೋರು ಹೇಳಿ.

ಹಾವೇರಿ ಮೆಡಿಕಲ್

ತಂಗಿ, ನಾ ಇಪ್ಪತ್ತು ವರ್ಷದ ಮ್ಯಾಲಾತು ಮೆಡಿಕಲ್ ಶಾಪ್ ನಡಸ್ಲಿಕ್ಕತ್ತು. ಯೂರಿಯಾ, ಡಿಎಪಿ, ಪೊಟ್ಯಾಶ್, ಔಷಧ ಎಲ್ಲಾ ಒಂದ ದಿನ ಹೊಲಕ್ಕ ಸುರದು, ಬೆಳಿ ಯಾಕ ಸುಟ್ಟು ಹೋತು ಅಂದ್ರ ಯಾವುದರಿಂದ ಅಂತ ಯಾರಿಗೆ ಗೊತ್ತಾಗ್ತದ? ನಿಮ್ಮ ಮಾರಿದೂ ಅದ ಕಥಿ.

ಮೊದಲ ಎಲ್ಲಾ ನಿಲ್ಲಸ್ರಿ. ಉರಿ ಹೋಗೋತನಕ ಸಾದಾ ಫೇಸ್‌ವಾಶು, ವಾಸನಿ ಇಲ್ಲದ ಮಾಯಿಶ್ಚರೈಸರು, ಸನ್‌ಸ್ಕ್ರೀನು, ಇಷ್ಟ. ಆಮ್ಯಾಲ ಒಂದೊಂದ ವಾಪಸ್ ತರ್ರಿ. ಬಿ12 ಇಂಜೆಕ್ಷನ್ ಮಾತ್ರ ನಿಮ್ಮ ಮನಸಿಗೆ ಬಂದಂಗ ಬಿಡಬ್ಯಾಡ್ರಿ, ಅದು ಡಾಕ್ಟರು ಬರದದ್ದು.

ಇನ್ನ ಜಿಂಕ್ 50 ಅಂದ್ರಿ. ಡಬ್ಬಿ ಹಿಂದ ಓದಿ ನೋಡ್ರಿ. 50 ಮಿಲಿಗ್ರಾಂ ಶುದ್ಧ ಜಿಂಕೋ, ಇಲ್ಲಾ ಜಿಂಕ್ ಗ್ಲುಕೋನೇಟ್ 50 ಮಿಲಿಗ್ರಾಮೋ? ಗ್ಲುಕೋನೇಟ್‌ನಾಗ ನೂರಕ್ಕ ಹದಿನಾಲ್ಕರಷ್ಟ ಜಿಂಕ್ ಇರ್ತದ, ಅಂದ್ರ 50ಕ್ಕ ಬರೇ 7. ಸಲ್ಫೇಟ್ ಆದ್ರ 220 ಮಿಲಿಗ್ರಾಂ ಗುಳಿಗಿಯೊಳಗ 50 ಜಿಂಕ್. ಮಂದಿ ಮುಂದಿನ ದೊಡ್ಡ ಅಂಕಿ ನೋಡಿ ತಗೋತಾರ, ಹಿಂದಿನ ಸಣ್ಣ ಅಕ್ಷರ ಯಾರೂ ಓದಂಗಿಲ್ಲ.

ಚರ್ಮದ ವಾರ್ಡು

ಚರ್ಮರೋಗ ವಿಭಾಗದಲ್ಲಿ ಎಂಡಿ ಓದ್ತಿದೀನಿ. ಮುಖ ನೋಡದೆ ರೋಗ ಹೇಳೋ ಹಾಗಿಲ್ಲ, ಆದ್ದರಿಂದ ಇದನ್ನ ಸಾಮಾನ್ಯ ಮಾಹಿತಿ ಅಂತ ಮಾತ್ರ ಓದಿ. ಹಾವೇರಿಯವರು ಹೇಳಿದ ಕ್ರಮ ಸರಿ ಇದೆ. ಒಂದೆರಡು ಸೇರಿಸ್ತೀನಿ.

ಅಡಾಪಲೀನ್‌ನ ಚುಕ್ಕಿ ಇಟ್ಟ ಹಾಗೆ ಹಚ್ಚೋದು ನಮ್ಮ ಓಪಿಡಿಯಲ್ಲಿ ದಿನಾ ಕೇಳೋ ಕಥೆ. ಕಣ್ಣಿಗೆ ಕಾಣೋ ಮೊಡವೆ ಇವತ್ತು ಹುಟ್ಟಿದ್ದಲ್ಲ. ಕೂದಲ ಬುಡದ ರಂಧ್ರದ ಒಳಗೆ ಸತ್ತ ಜೀವಕೋಶ ಉದುರಿ ಹೊರಗೆ ಬರೋ ಬದಲು ಅಂಟಿಕೊಂಡು ಬಿರಡೆ ಥರ ಕೂತುಬಿಡುತ್ತೆ, ಹಿಂದೆ ಜಿಡ್ಡು ಸೇರುತ್ತೆ, ಅಲ್ಲಿ ಮೊದಲಿಂದ ಇರೋ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಾಗುತ್ತೆ, ಆಮೇಲೆ ಕೆಂಪು, ಊತ, ಕೀವು. ಇಷ್ಟಕ್ಕೆ ವಾರಗಳೇ ಹಿಡಿಯುತ್ತೆ. ಅಡಾಪಲೀನ್ ಕೆಲಸ ಮಾಡೋದು ಆ ಮೊದಲ ಹಂತದಲ್ಲಿ, ಅಂದ್ರೆ ಇನ್ನೂ ಕಾಣದ ಮೊಡವೆ ಮೇಲೆ. ಹಾಗಾಗಿ ಮೊಡವೆ ಬರೋ ಜಾಗಕ್ಕೆಲ್ಲ ಹಚ್ಚಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ತೊಳೆದು ಪೂರ್ತಿ ಒಣಗಿದ ಮೇಲೆ, ರಾತ್ರಿ, ಮೊದಮೊದಲು ದಿನ ಬಿಟ್ಟು ದಿನ. ಉರಿ ಬಂದ್ರೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದು. ಕಣ್ಣಿನ ಹತ್ತಿರ, ಮೂಗಿನ ಸಂದಿ, ತುಟಿ ಅಂಚು ಬಿಡಿ. ಗರ್ಭಿಣಿಯರು, ಮಗುವಿಗೆ ಪ್ರಯತ್ನ ಮಾಡ್ತಿರೋರು ಹಚ್ಚಬಾರದು.

ಮೊದಲ ಕೆಲವು ವಾರ ಮೊಡವೆ ಸ್ವಲ್ಪ ಜಾಸ್ತಿ ಆದ ಹಾಗೆ ಕಾಣಬಹುದು. 12 ವಾರ ಆಗದೆ ತೀರ್ಪು ಕೊಡಬೇಡಿ. ಎಷ್ಟೋ ಜನ ಆರನೇ ವಾರಕ್ಕೆ ಬಿಟ್ಟು ಇನ್ನೊಂದು ಸೀರಮ್ ಕೊಳ್ತಾರೆ.

ಕೀವು ತುಂಬಿದ ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಸೇರಿಸಬಹುದು. 2.5% ಸಾಕು. 5, 10 ಅಂತ ಏರಿಸಿದ್ರೆ ಉರಿ ಏರುತ್ತೆ, ಫಲ ಅಷ್ಟೇನೂ ಏರಲ್ಲ. ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಹೋಗಲ್ಲ ಅನ್ನೋದು ದೊಡ್ಡ ಗುಣ. ಕ್ಲಿಂಡಾಮೈಸಿನ್ ಅನ್ನೋ ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದ್ರೆ ಒಗ್ಗಿಹೋಗುತ್ತೆ, ಆದ್ದರಿಂದಲೇ ಅದನ್ನ ಬೆಂಜಾಯ್ಲ್ ಜೊತೆಗೆ ಬರೆಯೋದು.

ಅಜ್ಜಿಮನೆ ಪೆಟ್ಟಿಗೆ

ಇಷ್ಟೆಲ್ಲ ರಾಸಾಯನಿಕದ ಹೆಸರು ಕೇಳಿದ್ರೆ ಮುಖಕ್ಕಿಂತ ತಲೆ ಉರಿಯುತ್ತೆ. ನಮ್ಮ ಕಾಲದಲ್ಲಿ ಜಾಯಿಕಾಯಿ ಹಾಲಲ್ಲಿ ತೇಯ್ದು ರಾತ್ರಿ ಹಚ್ಚಿ ಮಲಗ್ತಿದ್ವಿ. ಕಡ್ಲೆಹಿಟ್ಟು, ಅರಿಶಿನ, ವಾರಕ್ಕೊಂದು ಎಣ್ಣೆಸ್ನಾನ. ಮೈ ಉಷ್ಣ ಆಗಿರುತ್ತೆ, ಅದಕ್ಕೇ ಮೊಡವೆ. ಮೆಂತ್ಯ ನೆನೆಸಿ ಕುಡೀರಿ, ಎಳನೀರು ಕುಡೀರಿ, ಮಾವಿನ ಹಣ್ಣು ಬಿಡಿ.

ಚರ್ಮದ ವಾರ್ಡು

ಅಮ್ಮಾ, ಎಳನೀರಿಗೆ ನನ್ನ ತಕರಾರಿಲ್ಲ. ಕಡ್ಲೆಹಿಟ್ಟಿನಲ್ಲಿ ಮುಖ ತೊಳೆಯೋದು ಎಷ್ಟೋ ಸೋಪಿಗಿಂತ ಮೇಲೇ ಇರಬಹುದು, ತಿಕ್ಕದೆ ಇದ್ರೆ. ಆದ್ರೆ ಈ ಹುಡುಗಿ ಮುಖದಲ್ಲಿ ಈಗ ಸಿಪ್ಪೆ ಏಳ್ತಿದೆ. ಅದರ ಮೇಲೆ ಜಾಯಿಕಾಯಿ ತೇಯ್ದು ಹಚ್ಚಿದ್ರೆ ಉರಿ ಎರಡರಷ್ಟಾಗಬಹುದು. ನಿಂಬೆರಸ ಅಂತೂ ಯಾರೂ ಹಚ್ಚಬೇಡಿ, ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟ ಹಾಗೆ ಕಪ್ಪಗಾಗುತ್ತೆ. ಟೂತ್‌ಪೇಸ್ಟ್ ಕೂಡ ಬೇಡ.

ಎಣ್ಣೆಸ್ನಾನದ ಬಗ್ಗೆ: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯೆಲ್ಲಾ ಬಿಟ್ಟು ಮಲಗೋರಿಗೆ ಹಣೆಯ ಮೇಲೆ, ಕೂದಲಂಚಿನ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬರೋದುಂಟು. ಅಂಥವರು ಹಚ್ಚಿ ಒಂದು ಗಂಟೆಗೆ ತಲೆ ತೊಳೆದುಕೊಂಡ್ರೆ ಎಷ್ಟೋ ಕಡಿಮೆ ಆಗುತ್ತೆ.

ಅಜ್ಜಿಮನೆ ಪೆಟ್ಟಿಗೆ

ಆಯ್ತಪ್ಪ ಡಾಕ್ಟ್ರೇ. ನಮಗೂ ಮೊಡವೆ ಇತ್ತು, ಹೋಯ್ತು. ಇಪ್ಪತ್ತೈದಕ್ಕೆ ತಾನಾಗೇ ಹೋಯ್ತೋ, ಜಾಯಿಕಾಯಿಗೆ ಹೋಯ್ತೋ ದೇವರಿಗೇ ಗೊತ್ತು.

ಕೊಡಿಯಾಲದ ಜಿಮ್ಮು

ನಂದೊಂದು ಉಂಟು ಮಾರಾಯ್ರೆ. ಜಿಮ್ಮಿಗೆ ಸೇರಿ ವೇ ಪ್ರೊಟೀನ್ (ಹಾಲಿಂದ ತೆಗೆದ ಪುಡಿ) ಶುರು ಮಾಡಿದ ಮೇಲೆ ಬೆನ್ನು, ಹೆಗಲು, ದವಡೆ ಪೂರಾ ಮೊಡವೆ. ಟ್ರೈನರ್ ಹತ್ರ ಕೇಳಿದ್ರೆ "ಬಾಡಿ ಹೀಟ್" ಅಂತಾರೆ. ಎಂತ ಹೀಟ್? ವೇ ಬಿಟ್ಟು ಕಡ್ಲೆ, ಮೊಟ್ಟೆ, ಮೀನು ಅಂತ ಹೋದೆ, ಬೆನ್ನಿಂದು ಮೆಲ್ಲ ಮೆಲ್ಲ ಕಡಿಮೆ ಆಯ್ತು. ಎದೆ ಮೇಲಿಂದು ಮಾತ್ರ ಹೋಗ್ಲಿಲ್ಲ. ಎಲ್ಲಾ ಒಂದೇ ಅಳತೆಯ ಸಣ್ಣ ಗುಳ್ಳೆ, ಬೆವರಿದ್ರೆ ತುರಿಕೆ ಅಂದ್ರೆ ತುರಿಕೆ. ನಮ್ಮ ಕಡೆ ಸೆಕೆ ನಿಮಗೆ ಗೊತ್ತುಂಟಲ್ಲ.

ಚರ್ಮದ ವಾರ್ಡು

ವೇ ಮತ್ತು ಮೊಡವೆ: ಜಿಮ್‌ಗೆ ಹೋಗೋ ಹುಡುಗರಲ್ಲಿ ಹೀಗೆ ಕಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಎಲ್ಲರಿಗೂ ಆಗಲ್ಲ. ಬಿಟ್ಟು ಕೆಲವು ತಿಂಗಳು ನೋಡೋದಕ್ಕೆ ಖರ್ಚಿಲ್ಲ.

ಎದೆ ಮೇಲಿನದು ಮೊಡವೆಯೇ ಅಲ್ಲದೆ ಇರಬಹುದು. ತುರಿಕೆ, ಒಂದೇ ಅಳತೆ, ಬೆವರಿಗೆ ಹೆಚ್ಚಾಗೋದು ಅಂದ್ರೆ ಮಲಸೀಜಿಯಾ ಅನ್ನೋ ಯೀಸ್ಟ್‌ನಿಂದ ಬರೋ ಗುಳ್ಳೆ ನೆನಪಾಗುತ್ತೆ. ಇದಕ್ಕೆ ಮೊಡವೆಯ ಆಂಟಿಬಯಾಟಿಕ್ ಕೊಟ್ರೆ ಇನ್ನೂ ಕೆರಳುತ್ತೆ. ಯೀಸ್ಟ್ ಕೊಲ್ಲೋ ಕೀಟೋಕೊನಜೋಲ್ ಶಾಂಪೂವನ್ನ ಎದೆಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯೋದು ಒಂದು ದಾರಿ, ಆದರೆ ಒಮ್ಮೆ ತೋರಿಸಿ. ಜಿಮ್‌ನಿಂದ ಬಂದ ತಕ್ಷಣ ಒದ್ದೆ ಬನಿಯನ್ ತೆಗೆದು ಸ್ನಾನ ಮಾಡಿ.

ಕೊಡಿಯಾಲದ ಜಿಮ್ಮು

ಬಸ್ಸಲ್ಲಿ ಅದೇ ಒದ್ದೆ ಬನಿಯನಲ್ಲಿ ಮನೆಗೆ ಬರುವುದು ಸಾರ್. ಮುಕ್ಕಾಲು ಗಂಟೆ.

ರಾರಿಟನ್ ನದಿ ಪಕ್ಕ

ನ್ಯೂಜೆರ್ಸಿಯಿಂದ. ಇಲ್ಲಿ ಅಡಾಪಲೀನ್ 0.1% ಜೆಲ್ 2016ರಿಂದ ಚೀಟಿ ಇಲ್ಲದೆ ಅಂಗಡಿ ಕಪಾಟಿನಲ್ಲೇ ಸಿಗುತ್ತೆ, ಟೂತ್‌ಬ್ರಷ್ ಪಕ್ಕದಲ್ಲಿ ಇಟ್ಟಿರ್ತಾರೆ. ಊರಿಗೆ ಬಂದಾಗಲೆಲ್ಲ ನಾದಿನಿಯರಿಗೆ ತಂದು ಕೊಡೋದೇ ಆಗಿದೆ. ಅಲ್ಲಿ ನಮ್ಮ ಕಂಪನಿಗಳದ್ದೇ ಸಿಗುತ್ತಲ್ಲ, ಬೆಲೆಯೂ ಕಡಿಮೆ, ಯಾಕೆ ಇದೇ ಬೇಕು ಅಂತಾರೋ!

ತುಂಗಾತೀರ ಅವರೇ, ನಿಮ್ಮ ಬಯೋಟಿನ್ ಬಗ್ಗೆ ಒಂದು ಮಾತು. ದಿನಕ್ಕೆ ಬೇಕಾಗೋದು 30–40 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತೆ. ನನಗೆ ಇಲ್ಲಿ ಥೈರಾಯ್ಡ್ ಪರೀಕ್ಷೆ ವಿಚಿತ್ರವಾಗಿ ಬಂದು, ಡಾಕ್ಟರ್ ಮೊದಲು ಕೇಳಿದ್ದೇ "ಬಯೋಟಿನ್ ತಗೋತೀರಾ?" ಅಂತ. ನಿಲ್ಲಿಸಿ ಮತ್ತೆ ಮಾಡಿಸಿದಾಗ ಸರಿ ಇತ್ತು. ಲ್ಯಾಬ್ ಫಲಿತಾಂಶ ಕೆಡಿಸುತ್ತೆ ಅಂತ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ, ಹೃದಯಾಘಾತಕ್ಕೆ ಮಾಡೋ ಟ್ರೋಪೋನಿನ್ ಪರೀಕ್ಷೆ ಕೂಡ ಅದರಲ್ಲಿ ಸೇರಿದೆ. ಮೊಡವೆಗಂತೂ ಅದರಿಂದ ಉಪಯೋಗ ಅನ್ನೋದಕ್ಕೆ ಆಧಾರ ಇಲ್ಲ.

ತುಂಗಾತೀರ

ಅಯ್ಯೋ, ನಂಗೂ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟಿದಾರೆ, ಇನ್ನೂ ಮಾಡ್ಸಿಲ್ಲ. ಗಮ್ಮಿ ನಿಲ್ಲಿಸ್ದೆ.

ಒಂದು ಕಡೆ ಬಿ12ನಿಂದಲೂ ಮೊಡವೆ ಬರುತ್ತೆ ಅಂತ ಓದಿದೆ. ನಿಜಾನಾ? ಹಾಗಿದ್ರೆ ನನ್ನ ಗತಿ ಏನು? ಬಿಟ್ರೆ ಕೈ ಜೋಮು, ತಗೊಂಡ್ರೆ ಮುಖ.

ಚರ್ಮದ ವಾರ್ಡು

ಕೆಲವರಿಗೆ ಬರುತ್ತೆ, ಹೌದು. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೊಡವೆ ಇಲ್ಲದ ಹತ್ತು ಜನರಿಗೆ ಬಿ12 ಇಂಜೆಕ್ಷನ್ ಕೊಟ್ಟು ಚರ್ಮದ ಬ್ಯಾಕ್ಟೀರಿಯಾ ನೋಡಿದ್ರು. ಬಿ12 ಹೊರಗಿಂದ ಧಾರಾಳವಾಗಿ ಸಿಕ್ಕಾಗ ಈ ಬ್ಯಾಕ್ಟೀರಿಯಾ ತಾನೇ ಅದನ್ನ ತಯಾರಿಸೋದು ಕಡಿಮೆ ಮಾಡಿ, ಆ ಸಾಮಗ್ರಿಯಲ್ಲಿ ಪಾರ್ಫಿರಿನ್ ಅನ್ನೋ ವಸ್ತು ಹೆಚ್ಚು ಮಾಡುತ್ತೆ, ಅದು ಚರ್ಮವನ್ನ ಕೆರಳಿಸುತ್ತೆ ಅನ್ನೋದು ಅವರ ವಿವರಣೆ. ಹತ್ತರಲ್ಲಿ ಒಬ್ಬರಿಗೆ ವಾರದೊಳಗೆ ಮೊಡವೆ ಬಂತು. ಸಣ್ಣ ಅಧ್ಯಯನ. ಆದರೆ ಇಂಜೆಕ್ಷನ್ ಆದ ಮೇಲೆ ಒಮ್ಮೆಲೇ ಮುಖದ ತುಂಬ ಒಂದೇ ಥರದ ಗುಳ್ಳೆ ಎದ್ದವರನ್ನ ಚರ್ಮ ವೈದ್ಯರು ಬಹಳ ಹಿಂದಿನಿಂದ ನೋಡಿದ್ದಾರೆ.

ನಿಮ್ಮ ವಿಷಯದಲ್ಲಿ ಗಮನಿಸಬೇಕಾದ್ದು: ಮೊಡವೆ ಮಳೆಗಾಲದಿಂದ, ಇಂಜೆಕ್ಷನ್ ಯಾವಾಗಿನಿಂದ? ಇಂಜೆಕ್ಷನ್‌ಗಿಂತ ಮೊದಲೇ ಮೊಡವೆ ಇದ್ದಿದ್ರೆ ಬಿ12 ಮೂಲ ಕಾರಣ ಆಗಲಾರದು, ಹೆಚ್ಚಿಸಿರಬಹುದು ಅಷ್ಟೆ. ಯಾವುದೇ ಕಾರಣಕ್ಕೂ ನೀವಾಗೇ ನಿಲ್ಲಿಸಬೇಡಿ. ಜೋಮು ಹಿಡಿಯುತ್ತೆ ಅಂದ್ರೆ ನರಕ್ಕೆ ತಾಗಿದೆ. ತಡ ಮಾಡಿದ್ರೆ ಆ ಹಾನಿ ಪೂರ್ತಿ ವಾಪಸ್ ಬರದೆ ಉಳಿಯಬಹುದು. ಮೊಡವೆಗೆ ಹತ್ತು ಮದ್ದುಂಟು. ಮಟ್ಟ ತುಂಬಿದ ಮೇಲೆ ಇಂಜೆಕ್ಷನ್ ಬದಲು ಮಾತ್ರೆ ಆಗುತ್ತಾ, ಎಷ್ಟು ಅಂತರದಲ್ಲಿ ಅಂತ ಕೊಟ್ಟ ಡಾಕ್ಟರನ್ನೇ ಕೇಳಿ. ಮೊಡವೆ ವಿಷಯವನ್ನೂ ಅವರಿಗೆ ಹೇಳಿ.

ರಾಗಿಕಣಜ

ಸಸ್ಯಾಹಾರಿಗಳ ಪಾಡು ನೋಡಿ. ಬಿ12ಗೆ ಹಾಲು ಮೊಸರು ತಿನ್ನಿ ಅಂತಾರೆ, ಮೊಡವೆಗೆ ಹಾಲು ಬಿಡಿ ಅಂತಾರೆ. ನಾವೇನು ಗಾಳಿ ಕುಡಿದು ಬದುಕೋದಾ?

ಚರ್ಮದ ವಾರ್ಡು

ಹಾಲಿನ ವಿಷಯ ಸಮೀಕ್ಷೆಗಳಿಂದ ಬಂದದ್ದು. ಹೆಚ್ಚು ಹಾಲು, ಅದರಲ್ಲೂ ಕೆನೆ ತೆಗೆದ ಹಾಲು ಕುಡಿಯೋರಲ್ಲಿ ಮೊಡವೆ ಸ್ವಲ್ಪ ಹೆಚ್ಚು ಕಂಡಿದೆ. ಹಾಲೇ ಕಾರಣ ಅಂತ ಅದರಿಂದ ಖಚಿತವಾಗಲ್ಲ. ಮೊಸರಿಗೆ ಅಂಥ ಕೆಟ್ಟ ಹೆಸರು ಅಷ್ಟಾಗಿ ಬಂದಿಲ್ಲ. ಹಾಗಾಗಿ ದಿನಕ್ಕೆ ಎರಡು ಲೋಟ ಹಾಲು ಕುಡಿಯೋರು ಅದನ್ನ ಮೊಸರು, ಮಜ್ಜಿಗೆ ಮಾಡ್ಕೊಂಡು ನೋಡಬಹುದು. ಬಿ12 ಕಡಿಮೆ ಇರೋ ಸಸ್ಯಾಹಾರಿಗೆ ಹಾಲು, ಮೊಸರು ಎಲ್ಲಾ ಬಿಡಿ ಅಂತ ನಾನಂತೂ ಹೇಳಲ್ಲ.

ಸಕ್ಕರೆ, ಮೈದಾ ಕಡೆಗೆ ಇದಕ್ಕಿಂತ ಗಟ್ಟಿ ಆಧಾರ ಇದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಹುಡುಗರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತದ ಸಕ್ಕರೆ ಬೇಗ ಏರಿಸದ ಊಟ ಕೊಟ್ಟು 12 ವಾರ ನೋಡಿದ್ರು. ಆ ಗುಂಪಿನಲ್ಲಿ ಮೊಡವೆ ಹೆಚ್ಚು ಇಳೀತು. ಅವರ ತೂಕವೂ ಇಳಿದಿತ್ತು, ಆದ್ದರಿಂದ ಯಾವುದರ ಫಲ ಅಂತ ಬಿಡಿಸಿ ಹೇಳೋದು ಕಷ್ಟ.

ರಾಗಿಕಣಜ

ಅಂದ್ರೆ ಬೇಕರಿ ಬನ್ನು, ದಿಲ್‌ಪಸಂದ್, ಸಂಜೆ ಎರಡು ಚಮಚ ಸಕ್ಕರೆಯ ಕಾಫಿ. ಸರಿ, ನಿಲ್ಲಿಸೋ ಪಟ್ಟಿಗೆ ನನ್ನ ಜೀವನವೇ ಸೇರಿತು. ಮಾವಿನ ಹಣ್ಣು?

ಚರ್ಮದ ವಾರ್ಡು

ತಿನ್ನಿ.

ಹಾವೇರಿ ಮೆಡಿಕಲ್

ಜಿಂಕ್ ಬಗ್ಗೆ ಮತ್ತ ಕೇಳ್ಯಾರ ಒಬ್ರು, ಖಾಸಗಿ ಸಂದೇಶದಾಗ. ಎಲ್ಲಾರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಹೇಳ್ತೇನಿ. ಖಾಲಿ ಹೊಟ್ಟಿಗೆ ತಗೊಂಡ್ರ ವಾಂತಿ ಬಂದಂಗ ಆಗ್ತದ, ಊಟ ಆದಮ್ಯಾಲ ತಗೋರಿ. ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ಕೂಡ ಒಮ್ಮೆಲೇ ನುಂಗಬ್ಯಾಡ್ರಿ. ಎಲ್ಲಕ್ಕಿಂತ ಮುಖ್ಯ, ಮೊಡವಿಗೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ತಗೊಳ್ಳೋರು ಅದರ ಕೂಡ ಜಿಂಕ್, ಕಬ್ಬಿಣ, ಹಾಲು ತಗೊಂಡ್ರ ಆ ಔಷಧ ಮೈಗೆ ಹತ್ತಂಗಿಲ್ಲ. ನಡುವ ಎರಡು ಮೂರು ತಾಸ ಬಿಡ್ರಿ. ಮತ್ತ ಡಾಕ್ಸಿ ನುಂಗಿದ ಕೂಡಲೆ ಅಡ್ಡ ಆಗಬ್ಯಾಡ್ರಿ. ತುಂಬಿದ ಗ್ಲಾಸ್ ನೀರು ಕುಡದು ಅರ್ಧ ತಾಸ ಕೂಡ್ರಿ, ಇಲ್ಲಾಂದ್ರ ಗಂಟಲ ಕೆಳಗ ಸುಟ್ಟಂಗ ಆಗ್ತದ.

ಚರ್ಮದ ವಾರ್ಡು

ಜಿಂಕ್ ಕೆಲಸ ಮಾಡುತ್ತಾ ಅನ್ನೋದಕ್ಕೆ: 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 332 ಮಂದಿಗೆ ಮೂರು ತಿಂಗಳು, ಅರ್ಧ ಜನರಿಗೆ 30 ಮಿಲಿಗ್ರಾಂ ಜಿಂಕ್, ಉಳಿದವರಿಗೆ ಮಿನೊಸೈಕ್ಲಿನ್ ಆಂಟಿಬಯಾಟಿಕ್. ಜಿಂಕ್‌ನಿಂದಲೂ ಕಡಿಮೆ ಆಯಿತು, ಆದರೆ ಗುಣ ಕಂಡವರು ಆಂಟಿಬಯಾಟಿಕ್ ಗುಂಪಿನಲ್ಲಿ ಸುಮಾರು ಎರಡರಷ್ಟು. ಅಂದ್ರೆ ಪೂರ್ತಿ ಸುಳ್ಳೂ ಅಲ್ಲ, ಅದನ್ನೇ ನಂಬಿ ಕೂರೋ ಅಷ್ಟೂ ಇಲ್ಲ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲೆ ಬಹಳ ಕಾಲ ಹೋದ್ರೆ ದೇಹದಲ್ಲಿ ತಾಮ್ರ ಕಡಿಮೆ ಆಗಿ ರಕ್ತಹೀನತೆ, ನರದ ತೊಂದರೆ ಬರಬಹುದು. ತುಂಗಾತೀರ ಅವರಿಗೆ ನರದ ತೊಂದರೆ ಮೊದಲೇ ಇದೆ. ಆ 50ನ್ನ ನಾನಾದ್ರೆ ಮೊದಲು ತೆಗೀತಿದ್ದೆ.

ಅಮೆರಿಕದ ಚರ್ಮ ವೈದ್ಯರ ಅಕಾಡೆಮಿ 2024ರ ಮಾರ್ಗಸೂಚಿಯಲ್ಲೂ ವಿಟಮಿನ್, ಗಿಡಮೂಲಿಕೆ, ಆಹಾರ ಬದಲಾವಣೆ ಇವುಗಳ ಬಗ್ಗೆ ಶಿಫಾರಸು ಮಾಡೋಷ್ಟು ಪುರಾವೆ ಸಾಲದು ಅಂತಲೇ ಬರೆದಿದೆ. ಗಟ್ಟಿಯಾಗಿ ಶಿಫಾರಸು ಮಾಡಿದ್ದು ಬೆಂಜಾಯ್ಲ್, ಅಡಾಪಲೀನ್ ಥರದ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಔಷಧಿ), ಬೇಕಾದಾಗ ಡಾಕ್ಸಿಸೈಕ್ಲಿನ್, ತೀವ್ರವಾದರೆ ಐಸೊಟ್ರೆಟಿನಾಯಿನ್ ಮಾತ್ರೆ. ಇಪ್ಪತ್ತು ಸಾವಿರದ ಸೀರಮ್ ಕಪಾಟಿನಲ್ಲಿ ಈ ಎರಡು ಟ್ಯೂಬ್ ಇರಲ್ಲ ಅನ್ನೋದೇ ತಮಾಷೆ.

ತುಮಕೂರು ಹಾಸ್ಟೆಲ್

ನಾನು ಸೆಕೆಂಡ್ ಪಿಯು. ಸಾರ್, ಅಕ್ಕ, ಎಲ್ರೂ ದಯವಿಟ್ಟು ಹೇಳಿ. ಹಾಸ್ಟೆಲ್ ಪಕ್ಕದ ಅಂಗಡೀಲಿ ಮೊಡವೆಗೆ ಕ್ರೀಮ್ ಕೇಳಿದ್ದಕ್ಕೆ ಒಂದು ಸಣ್ಣ ಟ್ಯೂಬ್ ಕೊಟ್ರು. ಎರಡೇ ದಿನಕ್ಕೆ ಮೊಡವೆ ಹೋಗಿ ಮುಖ ಬೆಳ್ಳಗೆ ಆಯ್ತು, ಫ್ರೆಂಡ್ಸೂ ಎಲ್ಲಾ ತಗೊಂಡ್ರು. ಈಗ ಹಚ್ಚದೆ ಇದ್ರೆ ಮೊದಲಿಗಿಂತ ಜಾಸ್ತಿ ಬರುತ್ತೆ, ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪಗೆ ಉರಿಯುತ್ತೆ. ಟ್ಯೂಬ್ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಇದೆ.

ಹಾವೇರಿ ಮೆಡಿಕಲ್

ತಮ್ಮಾ, ಮೊಮೆಟಾಸೋನ್ ಅನ್ನೋದು ಸ್ಟೀರಾಯ್ಡ್. ಅದು ಮೊಡವಿ ಕ್ರೀಮ್ ಅಲ್ಲ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಅಂತ ಬರದಿದ್ರೂ ಅದ ಜಾತಿ. ಊತ, ಕೆಂಪು ತಕ್ಷಣ ಇಳಸ್ತದ, ಅದಕ್ಕ ಮಂದಿಗೆ ಜಾದೂ ಅನಿಸ್ತದ. ಆಮ್ಯಾಲ ಚರ್ಮ ತೆಳ್ಳಗಾಗ್ತದ, ನರ ಕಾಣ್ಲಿಕ್ಕೆ ಹತ್ತತಾವ, ಹೆಣ್ಮಕ್ಕಳಿಗೆ ಮಾರಿ ಮ್ಯಾಲ ಕೂದಲಾ ಬರ್ತಾವ. 2018ರಾಗ ಸರ್ಕಾರ ಇಂಥಾ ಹದಿನಾಲ್ಕು ಸ್ಟೀರಾಯ್ಡ್ ಮುಲಾಮು ಚೀಟಿ ಇಲ್ಲದ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಹಾಕ್ಯದ. ಹಾಕಿದ್ರೇನು, ಕೌಂಟರ್ ಮ್ಯಾಲ ಕೈ ಚಾಚಿದ್ರ ಸಿಗ್ತದ. ನಮ್ಮ ಮಂದಿನ ಹಿಂಗ ಮಾಡ್ತಾರ, ಹೇಳ್ಲಿಕ್ಕೆ ನಾಚಿಕಿ ಬರ್ತದ. ನನ್ನ ಅಂಗಡ್ಯಾಗ ಇಲ್ಲ ಅಂದ್ರ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾನ, ಅದೂ ಗೊತ್ತದ.

ಚರ್ಮದ ವಾರ್ಡು

ತಮ್ಮ, ಇನ್ನು ಒಂದೇ ಒಂದು ಸಲವೂ ಫ್ರೆಂಡ್ಸ್‌ಗೆ ಕೊಡಬೇಡ. ನೀನು ಬಹಳ ಕಾಲ ಹಚ್ಚಿದ್ರೆ ಒಮ್ಮೆಲೇ ಬಿಟ್ಟಾಗ ತುಂಬಾ ಕೆರಳಬಹುದು, ಆದ್ದರಿಂದ ಈ ವಾರವೇ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ಓಪಿಡಿಗೆ ಹೋಗು. ಟ್ಯೂಬ್ ಜೊತೆಗೆ ಒಯ್ಯಿ, ಹೆಸರು ನೆನಪಿಂದ ಹೇಳೋಕೆ ಹೋಗಬೇಡ. ಅಲ್ಲಿವರೆಗೆ ಮುಖಕ್ಕೆ ಬೇರೆ ಏನೂ ಹೊಸದು ಬೇಡ. ಬೋರ್ಡ್ ಮೇಲೆ "ಚರ್ಮ ಮತ್ತು ಲೈಂಗಿಕ ರೋಗ" ಅಂತ ಬರೆದಿರುತ್ತೆ ಅಂತ ಎಷ್ಟೋ ಹುಡುಗರು ಬಾಗಿಲವರೆಗೂ ಬಂದು ವಾಪಸ್ ಹೋಗ್ತಾರೆ. ನಮ್ಮ ವಿಭಾಗದ ಹೆಸರೇ ಹಾಗೆ, ಕುಷ್ಠರೋಗವೂ ನಮ್ಮದೇ. ಒಳಗೆ ಕೂತಿರೋರಲ್ಲಿ ಮೊಡವೆ, ಕಜ್ಜಿ, ಹುಳುಕಡ್ಡಿಯವರೇ ಜಾಸ್ತಿ.

ತುಮಕೂರು ಹಾಸ್ಟೆಲ್

ಸರಿ ಸಾರ್. ಮನೇಲಿ ಹೇಳ್ಬೇಕಾ?

ಅಜ್ಜಿಮನೆ ಪೆಟ್ಟಿಗೆ

ಹೇಳು ಮಗ. ಬೈದ್ರೆ ಒಂದು ದಿನ ಬೈತಾರೆ. ಟ್ಯೂಬ್ ಕೊಟ್ಟೋನು ನಿನ್ನ ಮುಖಕ್ಕೆ ಬರ್ತಾನಾ?

ಮಲ್ಲಿಗೆ ನಗರ

ತುಂಗಾತೀರ, ದವಡೆ ಅಂಚಲ್ಲೇ ಬರ್ತಿದೆ, ವಯಸ್ಸು 27 ಅಂದ್ರಿ. ಮುಟ್ಟು ಸರಿಯಾಗಿ ಆಗ್ತಿದೆಯಾ? ಗಲ್ಲದ ಮೇಲೆ ದಪ್ಪ ಕೂದಲು? ನಂದು ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಅಂತ ಗೊತ್ತಾಗಿದ್ದೇ ಹೀಗೆ. ಅಲ್ಲೀವರೆಗೂ ನಾನೂ ಫೇಸ್‌ವಾಶ್ ಬದಲಾಯಿಸ್ತಾನೇ ಇದ್ದೆ. ಹಾರ್ಮೋನ್ ಪರೀಕ್ಷೆ, ಸ್ಕ್ಯಾನ್ ಎಲ್ಲಾ ಆದ್ಮೇಲೆ ಸ್ತ್ರೀರೋಗ ತಜ್ಞರೂ ಚರ್ಮದವರೂ ಮಾತಾಡಿ ಔಷಧಿ ಕೊಟ್ರು. ಹೊರಗಿಂದ ಹಚ್ಚೋದಷ್ಟೇ ಆಗಿದ್ರೆ ನನಗೆ ಹೋಗ್ತಿರ್ಲಿಲ್ಲ.

ರಾಗಿಕಣಜ

ಬೆಂಗಳೂರಿನ ಬೋರ್‌ವೆಲ್ ನೀರೂ ಕಾರಣ ಇರಬಹುದಲ್ವಾ? ಊರಿಗೆ ಹೋದ್ರೆ ನಂದು ಸರಿಹೋಗುತ್ತೆ.

ಚರ್ಮದ ವಾರ್ಡು

ಗಡಸು ನೀರು ಚರ್ಮ ಒಣಗಿಸಿ ಕೆರಳಿಸಬಹುದು. ಊರಲ್ಲಿ ನಿದ್ದೆ, ಅಮ್ಮನ ಊಟ, ಬೇಕರಿ ಇಲ್ಲದಿರೋದು, ಹೆಲ್ಮೆಟ್ ಇಲ್ಲದಿರೋದು ಎಲ್ಲಾ ಸೇರಿರುತ್ತೆ. ಫಿಲ್ಟರ್‌ಗೆ ದುಡ್ಡು ಹಾಕೋ ಮೊದಲು ಹೆಲ್ಮೆಟ್ ಒಳಗಿನ ಬಟ್ಟೆ, ಗಲ್ಲದ ಪಟ್ಟಿ ತೊಳೀರಿ.

ತುಂಗಾತೀರ

ತುಂಬಾ ದಿನ ಆಯ್ತು ಬಂದು. ಏನಾಯ್ತು ಅಂತ ಕೇಳ್ತಿದ್ರಿ.

ಮಲ್ಲಿಗೆ ನಗರ ಅವರು ಹೇಳಿದ್ದಕ್ಕೆ ಪರೀಕ್ಷೆ ಮಾಡಿಸ್ದೆ, ಪಿಸಿಓಡಿ ಇಲ್ಲ ಅಂದ್ರು. ಥೈರಾಯ್ಡೂ ಸರಿ ಇದೆ (ಗಮ್ಮಿ ನಿಲ್ಲಿಸಿ ಆಮೇಲೆ ಮಾಡ್ಸಿದ್ದು). ಇಂಜೆಕ್ಷನ್ ಮುಗೀತು, ಬಿ12 ಮೇಲೆ ಬಂದಿದೆ, ಈಗ ಮಾತ್ರೆ. ಮೊಡವೆ ಮೊದಲೇ ಇತ್ತು, ಆದ್ರೆ ಇಂಜೆಕ್ಷನ್ ಶುರುವಾದ ಮೇಲೆ ಕೆನ್ನೆ ಪೂರ್ತಿ ಸಣ್ಣ ಗುಳ್ಳೆ ಎದ್ದಿದ್ದು ಹಳೇ ಫೋಟೋ ನೋಡಿದಾಗ ಗೊತ್ತಾಯ್ತು. ಅವೇ ಮೊದಲು ಹೋಗಿದ್ದು.

ಜಿಂಕ್, ಮೀನೆಣ್ಣೆ, ವಿಟಮಿನ್ ಸಿ, ಕ್ಲೇ ಮಾಸ್ಕ್ ಎಲ್ಲಾ ಬಂದ್. ನಯಾಸಿನಮೈಡ್ ಖಾಲಿ ಆಯ್ತು, ಮತ್ತೆ ತರ್ಲಿಲ್ಲ, ವ್ಯತ್ಯಾಸ ಏನೂ ಕಾಣ್ಲಿಲ್ಲ. ರಾತ್ರಿ ಅಡಾಪಲೀನ್ ಇಡೀ ಕೆಳಮುಖಕ್ಕೆ, ಬೆಳಿಗ್ಗೆ ಬೆಂಜಾಯ್ಲ್ 2.5% ಹಚ್ಚಿ ಸ್ವಲ್ಪ ಹೊತ್ತಿಗೆ ತೊಳೆದು ಸನ್‌ಸ್ಕ್ರೀನ್. ಎರಡು ಟ್ಯೂಬೂ ಸೇರಿ ಒಂದು ಸೀರಮ್ ಬೆಲೆ ಆಗಲ್ಲ. ಮಧ್ಯೆ ಒಂದು ಹಂತದಲ್ಲಿ ಎಷ್ಟು ಕೆಟ್ಟದಾಯ್ತು ಅಂದ್ರೆ ಆಫೀಸಿಗೆ ಮಾಸ್ಕ್ ಹಾಕ್ಕೊಂಡು ಹೋಗ್ತಿದ್ದೆ. ಈಗ ಗಟ್ಟಿ ಮೊಡವೆ ಮುಟ್ಟಿನ ಹಿಂದಿನ ವಾರ ಒಂದೆರಡು, ಅಷ್ಟೇ. ಕಲೆಗಳು ಇನ್ನೂ ಇವೆ, ಅದಕ್ಕೆ ಅಜೆಲಾಯಿಕ್ ಆಸಿಡ್ ಬರೆದುಕೊಟ್ಟಿದಾರೆ, ಇನ್ನೂ ಶುರು ಮಾಡಿಲ್ಲ.

ಒಂದನ್ನ ಯಾರೂ ಹೇಳ್ಲೇ ಇಲ್ಲ! ಬೆಂಜಾಯ್ಲ್ ಬಟ್ಟೆ ಬಣ್ಣ ತಿನ್ನುತ್ತೆ ಅಂತ. ಊರಿಗೆ ಹೋದಾಗ ಅಮ್ಮನ ಹೊಸ ನೀಲಿ ಟವೆಲಲ್ಲಿ ಮುಖ ಒರೆಸ್ದೆ. ಒಗೆದು ಹಾಕಿದ್ರೆ ಮಧ್ಯೆ ನನ್ನ ಗಲ್ಲದ ಆಕಾರಕ್ಕೇ ಕಿತ್ತಳೆ ಬಣ್ಣದ ಮಚ್ಚೆ. ಅಮ್ಮ ಸೋಪಿನ ಪುಡಿ ಕಂಪನಿಗೆ ಬೈತಿದಾರೆ, ನಾನು ಸುಮ್ನಿದೀನಿ.

ರಾರಿಟನ್ ನದಿ ಪಕ್ಕ

ಬಿಳಿ ಟವೆಲ್, ಬಿಳಿ ದಿಂಬಿನ ಕವರ್. ಬೇರೆ ದಾರಿ ಇಲ್ಲ. ಟ್ಯೂಬನ್ನ ಬಿಸಿಲು ಬೀಳೋ ಕಿಟಕಿ ಮೇಲೆ, ಕಾರಿನಲ್ಲಿ ಇಡಬೇಡಿ. ಬೆಂಜಾಯ್ಲ್ ಬಿಸಿಗೆ ಒಡೆದು ಬೆಂಜೀನ್ ಅನ್ನೋ ಕ್ಯಾನ್ಸರ್‌ಕಾರಕ ವಸ್ತು ಆಗುತ್ತೆ ಅಂತ ಇಲ್ಲಿ 2024ರಲ್ಲಿ ದೊಡ್ಡ ಗಲಾಟೆ ಆಯ್ತು. ಆಮೇಲೆ ಎಫ್‌ಡಿಎ 95 ಉತ್ಪನ್ನ ಪರೀಕ್ಷಿಸಿ ನೋಡಿದಾಗ ಬಹುಪಾಲು ಸರಿಯಾಗೇ ಇದ್ವು, ಕೆಲವನ್ನ ಮಾತ್ರ ವಾಪಸ್ ಪಡೆದ್ರು. ತಂಪು ಜಾಗ, ಅವಧಿ ಮುಗಿದದ್ದು ಕಸಕ್ಕೆ.

ಹಾವೇರಿ ಮೆಡಿಕಲ್

ಟ್ಯೂಬ್ ತಗೊಳ್ಳೋವಾಗ ತಾರೀಖ ನೋಡ್ರಿ, ಜನರಿಕ್‌ನಾಗ ಬರ್ತದೇನು ಕೇಳ್ರಿ. ಜನೌಷಧಿ ಕೇಂದ್ರದಾಗ ಒಮ್ಮೆ ವಿಚಾರಿಸ್ರಿ, ಇದ್ರ ರೊಕ್ಕ ಉಳೀತದ.

ಸೀಗೆಕಾಯಿ

ನಡುವೆ ನುಗ್ತಿದೀನಿ, ಕ್ಷಮಿಸಿ. ತಂಗಿ ಮದುವೆ ಇನ್ನು ಮೂರು ವಾರ. ಅವಳಿಗೆ ಕೆನ್ನೆ ಮೇಲೆ ದೊಡ್ಡ ಗಂಟು ಮೊಡವೆ. ಪಾರ್ಲರ್‌ನವರು ಪೀಲ್ (ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ತೆಗೆಯೋದು) ಮಾಡಿಸಿ ಅಂತಾರೆ, ಅವಳ ಗೆಳತಿ ಐಸೊಟ್ರೆಟಿನಾಯಿನ್ ಮಾತ್ರೆ ಕೊಡ್ತೀನಿ ಅಂತಾಳೆ, ಅವಳ ಹತ್ರ ಉಳಿದಿದೆಯಂತೆ.

ಚರ್ಮದ ವಾರ್ಡು

ಗೆಳತಿಯ ಮಾತ್ರೆ ಖಂಡಿತಾ ಬೇಡ! ಆ ಔಷಧಿ ಒಳ್ಳೆಯದೇ, 1982ರಿಂದ ಬಳಕೆಯಲ್ಲಿದೆ, ತೀವ್ರ ಮೊಡವೆಗೆ ಅದಕ್ಕೆ ಸಾಟಿ ಇಲ್ಲ. ಆದ್ರೆ ಗರ್ಭದಲ್ಲಿರೋ ಮಗುವಿಗೆ ಗಂಭೀರ ಅಂಗವೈಕಲ್ಯ ತರುತ್ತೆ. ತಗೊಳ್ಳುವಾಗ, ನಿಲ್ಲಿಸಿ ಒಂದು ತಿಂಗಳವರೆಗೆ ಗರ್ಭ ನಿಲ್ಲಲೇಬಾರದು. ಮೂರು ವಾರದಲ್ಲಿ ಮದುವೆ ಇರೋ ಹುಡುಗಿಗೆ ಇನ್ನೊಬ್ಬರ ಪಟ್ಟಿಯಿಂದ ಕೊಡೋದಾ? ಶುರು ಮಾಡೋ ಮೊದಲು ಲಿವರ್, ಕೊಬ್ಬಿನ ರಕ್ತಪರೀಕ್ಷೆ ಬೇಕು. ಮೊದಮೊದಲು ಮೊಡವೆ ಹೆಚ್ಚಾಗೋದೂ ಉಂಟು, ತುಟಿ ಒಡೆದು ರಕ್ತ ಬರುತ್ತೆ.

ಪೀಲ್ ಕೂಡ ಈಗ ಬೇಡ, ನಮ್ಮ ಬಣ್ಣದ ಚರ್ಮಕ್ಕೆ ಕಪ್ಪು ಕಲೆ ಉಳಿದ್ರೆ ಮದುವೆ ಫೋಟೋದಲ್ಲಿ ಅದೇ ಇರುತ್ತೆ. ಒಂದೇ ಒಂದು ಗಂಟಾದ್ರೆ ಚರ್ಮ ವೈದ್ಯರು ಅದರೊಳಗೆ ಅಳತೆ ಮಾಡಿ ಸ್ವಲ್ಪ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಎರಡು ಮೂರು ದಿನಕ್ಕೆ ಕುಗ್ಗುತ್ತೆ. ಮದುವೆ ಹಿಂದಿನ ದಿನ ಓಡಿಹೋಗಬೇಡಿ, ಕೊನೇ ಪಕ್ಷ ವಾರದ ಮೊದಲು ತೋರಿಸಿ. ಚಿವುಟೋಕೆ ಬಿಡಬೇಡಿ.

ಸೀಗೆಕಾಯಿ

ಅರಿಶಿನ ಶಾಸ್ತ್ರ?

ಅಜ್ಜಿಮನೆ ಪೆಟ್ಟಿಗೆ

ಅದಕ್ಕೂ ಡಾಕ್ಟ್ರ ಅಪ್ಪಣೆ ಬೇಕೇನಮ್ಮಾ! ಕೈ ಕಾಲಿಗೆ ಚೆನ್ನಾಗಿ ಹಚ್ಚಿ, ಕೆನ್ನೆಗೆ ಶಾಸ್ತ್ರಕ್ಕೆ ಅಂತ ಬೆರಳು ಮುಟ್ಟಿಸಿ ಸಾಕು. ಅಂಗಡಿ ಅರಿಶಿನಕ್ಕೆ ಏನೇನು ಬಣ್ಣ ಬೆರೆಸಿರ್ತಾರೋ. ಮನೇಲಿ ಕೊಂಬು ಕುಟ್ಟಿಸಿದ್ದು ಇದ್ರೆ ಅದನ್ನೇ ಇಡಿ.

ಚರ್ಮದ ವಾರ್ಡು

ಇದಕ್ಕೆ ನನ್ನ ಸಹಿ ಇದೆ. ಅಡಾಪಲೀನ್ ಏನಾದ್ರೂ ಹಚ್ತಿದ್ರೆ ಶಾಸ್ತ್ರಕ್ಕೆ ನಾಲ್ಕೈದು ದಿನ ಮೊದಲೇ ನಿಲ್ಲಿಸಿ, ಇಲ್ಲಾಂದ್ರೆ ಉರಿಯುತ್ತೆ.